ನಸುಕಿನಲ್ಲಿ ಹಿಡಿಯದ ಡೀಸೆಲ್ ಗಾಡಿ: ಪುಣೆಯ ಕಾತ್ರಜ್‌ನ ಒಂದು ಪ್ರಕರಣ

ಪುಣೆಯಲ್ಲಿ ಎಲ್ಲರೂ ಛೋಟಾ ಹಾಥಿ ಎನ್ನುವ ಬಗೆಯ ಪುಟ್ಟ ಸರಕಿನ ಗಾಡಿ. ಎರಡು ಸಿಲಿಂಡರ್, ಸುಮಾರು 700 ಸಿಸಿ, ಮೆಕ್ಯಾನಿಕಲ್ ಡೀಸೆಲ್ ಪಂಪ್, ಪ್ರತಿ ಸಿಲಿಂಡರಿಗೂ ಒಂದೊಂದು ಹೀಟರ್ ಪ್ಲಗ್, ಅಂದರೆ ಸೆಲ್ಫ್ ಹೊಡೆಯುವ ಮೊದಲು ಕಾದು ಒಳಗೆ ಬಿಸಿ ಕೊಡುವ ಕಡ್ಡಿ. ಗಾಡಿಗೆ ಹದಿಮೂರು ವರ್ಷ. ಓಡಿಸುವವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಮನೆ ಕಾತ್ರಜ್‌ನ ಏರು ಓಣಿಯಲ್ಲಿ. ನಸುಕಿನ ಐದಕ್ಕೆ ಗುಲ್ಟೆಕಡಿಯ ಮಾರ್ಕೆಟ್ ಯಾರ್ಡ್ ಸೇರಬೇಕು, ಕೊತ್ತಂಬರಿ, ಮೆಂತ್ಯ, ಟೊಮೆಟೊ ಎತ್ತಿಕೊಂಡು ಏಳರೊಳಗೆ ಡೆಕ್ಕನ್, ಕೋಥ್ರೂಡ್ ಕಡೆಯ ಉಡುಪಿ ಹೋಟೆಲುಗಳಿಗೆ ಮುಟ್ಟಿಸಬೇಕು. ಗಾಡಿ ಅರ್ಧ ಗಂಟೆ ತಡವಾಗಿ ಹಿಡಿದರೆ ಅವತ್ತಿನ ಒಳ್ಳೆಯ ಸೊಪ್ಪು ಬೇರೆಯವರ ಪಾಲು.

ಅವರು ಹೇಳಿದ ದೂರು ಹೀಗಿತ್ತು: "ನಸುಕಿನ್ಯಾಗ ಚಾಲೂ ಆಗವಲ್ದ್ರಿ. ಮಧ್ಯಾಹ್ನ ಹೊಡದ್ರ ಒಂದ ಸೆಲ್ಫಿಗೆ ಹತ್ತತೈತಿ. ಇಳಕಲಕ್ಕ ಮುಖ ಮಾಡಿ ನಿಲ್ಲಿಸಿದ ದಿನ ಒಂಚೂರು ಲಗೂನ ಹತ್ತತೈತ್ರಿ." ಮೂರು ವಾಕ್ಯಗಳಲ್ಲಿ ಮೂರು ಸುಳಿವು. ಅದರಲ್ಲೂ ಕೊನೆಯದನ್ನು ಅದುವರೆಗೆ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಡಿಸೆಂಬರ್ ಮೊದಲ ವಾರದಿಂದ ಈ ತೊಂದರೆ. ಆಗಲೇ ಬ್ಯಾಟರಿ ಹೊಸದು ಬಂದಿತ್ತು, ಸೆಲ್ಫ್ ಮೋಟರ್ ಬಿಚ್ಚಿ ಕಾರ್ಬನ್ ಬ್ರಷ್, ಬುಶ್ ಬದಲಿಸಿ ಆಗಿತ್ತು, ಡೀಸೆಲ್ ಚಿಮ್ಮಿಸುವ ಎರಡೂ ನೋಝಲ್ ತೆಗೆದು ಟೆಸ್ಟ್ ಮಾಡಿಸಿ ಆಗಿತ್ತು. ಪ್ರತಿ ಕೆಲಸದ ನಂತರ ಗಾಡಿ ಗ್ಯಾರೇಜಿನಲ್ಲಿ ಚೆನ್ನಾಗಿಯೇ ಹಿಡಿಯುತ್ತಿತ್ತು. ಹಿಡಿಯದೆ ಏನು, ಪರೀಕ್ಷೆ ನಡೆದದ್ದು ಹಗಲು ಹನ್ನೊಂದರ ಬಿಸಿಲಿನಲ್ಲಿ. ಚಳಿಯಲ್ಲಿ ಮಾತ್ರ ಕಾಣುವ ದೋಷವನ್ನು ಚಳಿಯಲ್ಲೇ ನೋಡಬೇಕು. ಗಾಡಿಯನ್ನು ಹಿಂದಿನ ರಾತ್ರಿಯೇ ತಂದು ಹೊರಗೆ ನಿಲ್ಲಿಸಿಕೊಳ್ಳಬೇಕು, ಇಲ್ಲವೇ ನಸುಕಿನಲ್ಲಿ ಗಾಡಿ ನಿಂತಲ್ಲಿಗೆ ಮೀಟರ್ ಹಿಡಿದು ಹೋಗಬೇಕು. ಇಲ್ಲಿ ಎರಡನೆಯದೇ ಆಯಿತು.

ಪುಣೆಯ 9 ಡಿಗ್ರಿ ಎಂಜಿನ್ನಿಗೆ ಏನು ಮಾಡುತ್ತದೆ

ಡಿಸೆಂಬರ್, ಜನವರಿಯಲ್ಲಿ ಪುಣೆಯ ಕನಿಷ್ಠ ತಾಪಮಾನ ಹಲವು ದಿನ 8ರಿಂದ 12 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ. ಹಿಮದ ನಾಡಿನವರಿಗೆ ಇದು ಚಳಿಯೇ ಅಲ್ಲ. ಚೆನ್ನಾಗಿರುವ ಡೀಸೆಲ್ ಎಂಜಿನ್ನಿಗೂ ಅಲ್ಲ. ಆದರೆ ವರ್ಷದ ಬಹುಪಾಲು ಬೆಚ್ಚಗಿನ ಹವೆಯಲ್ಲಿ ಓಡುತ್ತಾ ನಾಲ್ಕಾರು ಸಣ್ಣ ದೋಷಗಳನ್ನು ನುಂಗಿಕೊಂಡಿದ್ದ ಎಂಜಿನ್ನಿಗೆ ಈ ಚಳಿ ಸಾಕು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಹುಟ್ಟುವ ಬಿಸಿಯೇ ಬೆಂಕಿ. ಈ ಬಗೆಯ ಎಂಜಿನ್ ಗಾಳಿಯನ್ನು ಸುಮಾರು 22ರಲ್ಲಿ 1 ಪಾಲಿಗೆ ಒತ್ತುತ್ತದೆ. ಒಳಬರುವ ಗಾಳಿ 32 ಡಿಗ್ರಿ ಇದ್ದಾಗ ಒತ್ತಡದ ಕೊನೆಗೆ ಲೆಕ್ಕದ ಪ್ರಕಾರ 500 ಡಿಗ್ರಿ ಹತ್ತಿರ ಬರುತ್ತದೆ, 9 ಡಿಗ್ರಿ ಇದ್ದಾಗ 440ರ ಆಸುಪಾಸು. ಹೊರಗಿನ 23 ಡಿಗ್ರಿ ಕೊರತೆ ಒಳಗೆ 60 ಡಿಗ್ರಿಯ ಕೊರತೆಯಾಗಿ ಬೆಳೆಯುತ್ತದೆ. ಇದು ಲೆಕ್ಕ ಮಾತ್ರ. ನಿಜದ ಎಂಜಿನ್ನಿನಲ್ಲಿ ತಣ್ಣಗಿನ ಗೋಡೆ ಬಿಸಿಯನ್ನು ಹೀರುತ್ತದೆ, ಪಿಸ್ಟನ್ ರಿಂಗ್‌ಗಳ ಸಂದಿನಲ್ಲಿ ಗಾಳಿ ಸೋರುತ್ತದೆ. ಎಂಜಿನ್ ನಿಧಾನ ತಿರುಗಿದಷ್ಟೂ ಹೀರಲು, ಸೋರಲು ಹೆಚ್ಚು ಹೊತ್ತು ಸಿಗುತ್ತದೆ. ಹೀಗಾಗಿ ಸೆಲ್ಫ್ ಎಷ್ಟು ವೇಗವಾಗಿ ತಿರುಗಿಸುತ್ತದೆ ಅನ್ನುವುದು ಮೊದಲ ಪ್ರಶ್ನೆ, ಹೀಟರ್ ಪ್ಲಗ್ ಎಷ್ಟು ಬಿಸಿ ಸೇರಿಸುತ್ತದೆ ಅನ್ನುವುದು ಎರಡನೆಯದು.

ಅದೇ ಹೊತ್ತಿಗೆ 15ಡಬ್ಲ್ಯೂ-40 ದರ್ಜೆಯ ಎಂಜಿನ್ ಆಯಿಲ್ 40 ಡಿಗ್ರಿಯಲ್ಲಿ ಇದ್ದುದಕ್ಕಿಂತ ನಾಲ್ಕೈದು ಪಟ್ಟು ಮಂದವಾಗಿರುತ್ತದೆ. ಈ ಗಾಡಿಗೆ ಯಾರೋ ಹೊಗೆ ಕಮ್ಮಿಯಾಗಲಿ ಎಂದು 20ಡಬ್ಲ್ಯೂ-50 ಸುರಿದಿದ್ದರು, ಅದು ಇನ್ನೂ ಮಂದ. ಆಯಿಲ್ ಬದಲಿಸುವ ಸಮಯವೂ ಆಗಿತ್ತು, ಕೊನೆಗೆ ಕಂಪನಿ ಹೇಳಿದ 15ಡಬ್ಲ್ಯೂ-40ಕ್ಕೇ ಮರಳಿದೆವು.

ಡೀಸೆಲ್ ಗಟ್ಟಿಯಾಗಿದೆ ಎಂಬ ಮಾತು ಪ್ರತಿ ಚಳಿಗಾಲದಲ್ಲೂ ಕೇಳಿಬರುತ್ತದೆ, ಇಲ್ಲೂ ಬಂತು. ಭಾರತೀಯ ಮಾನಕದ ಪ್ರಕಾರ ಚಳಿಗಾಲದ ಡೀಸೆಲ್ 6 ಡಿಗ್ರಿಯವರೆಗೂ ಫಿಲ್ಟರ್ ದಾಟಿ ಹರಿಯಬೇಕು. ಮೇಣ ಕಟ್ಟುವ ಸಮಸ್ಯೆ ಲಡಾಖಿನಂಥ ಕಡೆಯದು. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದಿತು. ಕಾತ್ರಜ್‌ನ 9 ಡಿಗ್ರಿಗೆ ಟ್ಯಾಂಕಿಗೆ ಸೀಮೆಎಣ್ಣೆ ಬೆರೆಸುವ ಅಗತ್ಯ ಇಲ್ಲ. ಬೆರೆಸಿದರೆ ಡೀಸೆಲ್‌ನಿಂದಲೇ ಜಿಡ್ಡು ಪಡೆಯುವ ಪಂಪ್ ಒಳಗೊಳಗೇ ಸವೆಯುತ್ತದೆ.

ಮೊದಲ ನಸುಕು: ಹೊಗೆ ನೋಡಿದ್ದು

4 ಗಂಟೆ 40 ನಿಮಿಷ, ಗಾಡಿ ಪಕ್ಕದಲ್ಲಿ 9 ಡಿಗ್ರಿ. ಮೂತಿ ಏರಿನ ಕಡೆಗೆ, ರಾತ್ರಿ ಏಳರಿಂದ ನಿಂತಿತ್ತು. ಹೀಟರ್ ಲೈಟ್ ಆರುವವರೆಗೆ ಕಾದು ಸೆಲ್ಫ್ ಹೊಡೆಸಿ, ಒಬ್ಬರು ಸೈಲೆನ್ಸರ್ ಹಿಂದೆ ಟಾರ್ಚ್ ಹಿಡಿದು ನಿಂತು ನೋಡಿದ್ದು. ಇಡೀ ಪ್ರಕರಣದಲ್ಲಿ ಇದಕ್ಕಿಂತ ಹೆಚ್ಚು ಹೇಳಿದ ಪರೀಕ್ಷೆ ಬೇರೊಂದಿಲ್ಲ, ಇದಕ್ಕೆ ಕಾಸೂ ಬೇಡ.

ಸೆಲ್ಫ್ ತಿರುಗುವಾಗ ಹೊಗೆಯೇ ಇಲ್ಲದಿದ್ದರೆ ಸಿಲಿಂಡರಿಗೆ ಡೀಸೆಲ್ ಮುಟ್ಟುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಮುಟ್ಟಿದೆ, ಆದರೆ ಉರಿಯದೆ ಆವಿಯಾಗಿ ಹೊರಬರುತ್ತಿದೆ, ಅಂದರೆ ಬಿಸಿ ಸಾಲುತ್ತಿಲ್ಲ. ಇಲ್ಲಿ ಮೊದಲ ಏಳು ಸೆಕೆಂಡು ಏನೂ ಇಲ್ಲ. ಆಮೇಲೆ ಮೂಗಿಗೆ ಕುಟುಕುವ ದಟ್ಟ ಬಿಳಿ ಹೊಗೆ. ಅಂದರೆ ದೋಷ ಒಂದಲ್ಲ: ಡೀಸೆಲ್ ತಡವಾಗಿ ಬರುತ್ತಿದೆ, ಬಂದ ಮೇಲೂ ಉರಿಯುತ್ತಿಲ್ಲ.

ತಿರುಗುವ ವೇಗವನ್ನು ಅಳೆಯಲು ಫೋನಿನಲ್ಲಿ ಶಬ್ದ ರೆಕಾರ್ಡ್ ಮಾಡಿಕೊಂಡೆವು. ಎರಡು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಸರಾಸರಿ ಸುತ್ತಿಗೊಂದು ಕಂಪ್ರೆಷನ್, ಅಂದರೆ ಗಾಳಿ ಒತ್ತುವ ಸರದಿ. ಆ "ಗುಂ" ಸದ್ದನ್ನು ಹತ್ತು ಸೆಕೆಂಡು ಎಣಿಸಿ ಆರರಿಂದ ಗುಣಿಸಿದರೆ ನಿಮಿಷದ ಸುತ್ತು ಸಿಗುತ್ತದೆ. ಎಣಿಕೆ 20, ಅಂದರೆ ನಿಮಿಷಕ್ಕೆ 120 ಸುತ್ತು. ಇಂಥ ಎಂಜಿನ್ ತಣ್ಣಗಿದ್ದಾಗ ಹಿಡಿಯಬೇಕಾದರೆ 200ರ ಹತ್ತಿರವಾದರೂ ಬೇಕು. ಹೊಸ ಬ್ಯಾಟರಿ, ಹೊಸ ಬ್ರಷ್ ಇದ್ದೂ 120 ಏಕೆ?

ವೋಲ್ಟೇಜ್ ಎಲ್ಲಿ ಸೋರಿತು

ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಸೀಸದ ಗೂಟಗಳ ನಡುವೆಯೇ ಅಳೆದರೆ 10.8. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ: 9.6ರ ಕೆಳಗೆ ಇಳಿಯಲಿಲ್ಲ, ಬ್ಯಾಟರಿ ಚೆನ್ನಾಗಿದೆ, ಸೆಲ್ಫೇ ಕೆಟ್ಟಿದೆ. ಆದರೆ ಈ 10.8 ಒಳ್ಳೆಯ ಸುದ್ದಿಯಲ್ಲ. ಎಂಜಿನ್ ಇಷ್ಟು ಕಷ್ಟಪಟ್ಟು ತಿರುಗುವಾಗ ಸೆಲ್ಫ್ ಹೆಚ್ಚು ಕರೆಂಟ್ ಎಳೆದು ಬ್ಯಾಟರಿಯನ್ನು ಇನ್ನೂ ಕೆಳಗೆ ಇಳಿಸಬೇಕಿತ್ತು. ಇಳಿಸಿಲ್ಲ ಎಂದರೆ ದಾರಿಯಲ್ಲಿ ಯಾವುದೋ ಕರೆಂಟನ್ನು ತಡೆಯುತ್ತಿದೆ.

ತಡೆ ಎಲ್ಲಿದೆ ಎಂದು ನೋಡಲು ಮೀಟರನ್ನು ಡಿಸಿ ವೋಲ್ಟ್‌ನಲ್ಲೇ ಇಟ್ಟು, ಒಂದು ಪ್ರೋಬ್ ಬ್ಯಾಟರಿಯ ಪ್ಲಸ್ ಗೂಟಕ್ಕೆ, ಇನ್ನೊಂದು ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗೆ ಹಿಡಿದು ಸೆಲ್ಫ್ ಹೊಡೆಸಬೇಕು. 0.4 ವೋಲ್ಟ್ ಬಂತು, 0.5ರೊಳಗೆ ಇದ್ದರೆ ಸರಿ. ಮುಂದೆ ಒಂದು ಪ್ರೋಬ್ ಬ್ಯಾಟರಿಯ ಮೈನಸ್ ಗೂಟಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ. 1.6 ವೋಲ್ಟ್! ಇಲ್ಲಿ 0.2, ಹೆಚ್ಚೆಂದರೆ 0.3 ಇರಬೇಕಾದದ್ದು. ಸೆಲ್ಫ್ ಮೋಟರಿಗೆ ನಿಜವಾಗಿ ದಕ್ಕುತ್ತಿದ್ದದ್ದು 8.8 ವೋಲ್ಟ್ ಮಾತ್ರ. ಬ್ಯಾಟರಿ ಎಷ್ಟೇ ಹೊಸದಿದ್ದರೂ ಅರ್ತ್ ದಾರಿಯಲ್ಲಿ, ಅಂದರೆ ಕರೆಂಟ್ ಎಂಜಿನ್ನಿನಿಂದ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿಯಲ್ಲಿ, ಅದರ ಶಕ್ತಿ ಬಿಸಿಯಾಗಿ ಹೋಗುತ್ತಿತ್ತು.

ಹಿಂದೆ ಯಾರೋ ಇದೇ ಅರ್ತನ್ನು ಓಮ್ ಮೀಟರಿನಲ್ಲಿ ನೋಡಿ ಸರಿಯಿದೆ ಎಂದಿದ್ದರಂತೆ. ಅವರ ಮೀಟರ್ ಸುಳ್ಳು ಹೇಳಿರಲಿಲ್ಲ. ಸುಮಾರು 180 ಆಂಪಿಯರ್ ಹರಿಯುವಾಗ 1.6 ವೋಲ್ಟ್ ತಿನ್ನಲು ಬೇಕಾದ ತಡೆ ಒಂದು ಓಮಿನ ನೂರರಲ್ಲಿ ಒಂದು ಪಾಲಿಗೂ ಕಮ್ಮಿ. ಸಾಧಾರಣ ಮೀಟರಿಗೆ ಅದು ಸೊನ್ನೆಯಂತೆಯೇ ಕಾಣುತ್ತದೆ. ಅರ್ತಿನ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಓಮ್ ಮೀಟರ್ ಸರಿ ಎನ್ನುತ್ತದೆ. ದಪ್ಪ ವೈರುಗಳನ್ನು ಕರೆಂಟ್ ಹರಿಯುವಾಗಲೇ ಅಳೆಯಬೇಕು.

ಗಾಡಿಯ ಅರ್ತ್ ಎರಡು ತುಂಡು: ಬ್ಯಾಟರಿಯಿಂದ ಚಾಸಿಗೆ ಒಂದು ವೈರ್, ಚಾಸಿಯಿಂದ ಎಂಜಿನ್ನಿಗೆ ಕೂಡಿಕೊಂಡಿರುವ ಗೇರ್‌ಬಾಕ್ಸಿಗೆ ಹೆಣೆದ ತಾಮ್ರದ ಪಟ್ಟಿ. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ, ಹಾಗಾಗಿ ಈ ಪಟ್ಟಿಯೇ ಅದರ ದಾರಿ. ಪಟ್ಟಿಯನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ಮೇಲಿನ ತುದಿ ಕೆಂಪಗೆ ಚೆನ್ನಾಗಿತ್ತು. ಕೆಳತುದಿಯಲ್ಲಿ, ಬೋಲ್ಟಿಗೆ ಕೂರುವ ಲೋಹದ ಲಗ್ ಕಚ್ಚಿಕೊಂಡ ಕಡೆ, ಎಳೆಗಳು ಹಸಿರು ಪುಡಿಯಾಗಿ ಬೆರಳಿಗೆ ಅಂಟಿದವು. ಮುಕ್ಕಾಲು ಭಾಗ ಎಳೆ ತುಂಡಾಗಿತ್ತು. ಲಗ್ ಹಿಂದೆ ಚಾಸಿಯ ಮೇಲೆ ತುಕ್ಕು, ತುಕ್ಕಿನ ಮೇಲೆ ಮಳೆಗಾಲದ ಕೆಸರು.

ಆಗ ಇನ್ನೊಂದು ವಿಷಯ ಹೊರಬಿತ್ತು. ವರ್ಷದಲ್ಲಿ ಎರಡು ಸಲ ಎಕ್ಸಿಲರೇಟರ್ ಕೇಬಲ್ ಬದಲಿಸಿದ್ದಾರೆ, ಒಳಗಿನ ತಂತಿ ಹಿಡಿದುಕೊಳ್ಳುತ್ತದೆ, ಹೊರಗಿನ ಪ್ಲಾಸ್ಟಿಕ್ ಸುರುಟುತ್ತದೆ. ಅರ್ತ್ ಪಟ್ಟಿ ಕೆಟ್ಟರೆ ಕರೆಂಟ್ ಬೇರೆ ದಾರಿ ಹುಡುಕುತ್ತದೆ, ಎಂಜಿನ್‌ಗೂ ಬಾಡಿಗೂ ನಡುವೆ ಇರುವ ಲೋಹದ ಕೇಬಲ್ ಅದಕ್ಕೆ ಒದಗುತ್ತದೆ. ಸೆಲ್ಫ್ ಹೊಡೆಸಿ ಕೈ ಇಟ್ಟರೆ ಕೇಬಲ್ ಬ್ರಾಕೆಟ್ ಹತ್ತಿರ ಬೆಚ್ಚಗಾಗಿತ್ತು. ಎಕ್ಸಿಲರೇಟರ್ ಅಥವಾ ಕ್ಲಚ್ ಕೇಬಲ್ ಕಾರಣವಿಲ್ಲದೆ ಪದೇ ಪದೇ ಹೋಗುತ್ತಿದ್ದರೆ ಮೂರನೆಯ ಕೇಬಲ್ ತರುವ ಮೊದಲು ಅರ್ತ್ ನೋಡಬೇಕು. ದುಡಿದು ತಿನ್ನುವ ಮನುಷ್ಯ ಬ್ಯಾಟರಿಗೂ ಸೆಲ್ಫಿಗೂ ಕೇಬಲಿಗೂ ದುಡ್ಡು ಸುರಿದಿದ್ದರು. ಕೆಟ್ಟದ್ದು ಒಂದಡಿ ಉದ್ದದ ಪಟ್ಟಿ. ಅಳೆಯಲು ಹತ್ತು ನಿಮಿಷ ಕೊಡದೆ ಬಿಡಿಭಾಗ ಬದಲಿಸುವುದು ಅವರಿಗೆ ಮಾಡುವ ಅನ್ಯಾಯ.

ರಸ್ತೆಯಲ್ಲಿ ಮೀಟರ್ ಇಲ್ಲದವರಿಗೂ ಒಂದು ಉಪಾಯವಿದೆ. ಜಂಪರ್ ಕೇಬಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹದ ಬೋಲ್ಟಿಗೆ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ತಿರುಗುವ ಸದ್ದು ಚುರುಕಾದರೆ ದೋಷ ಅರ್ತಿನದೇ.

ಹೊಸದಾಗಿ 35 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಎರಡೂ ಕಡೆ ಲಗ್ ಒತ್ತಿಸಿ, ಚಾಸಿಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಅಗಲ ಬಣ್ಣ, ತುಕ್ಕು ಕೆರೆದು ಹೊಳೆಯುವ ಲೋಹ ಬರಿಸಿ, ಹಲ್ಲಿನ ವಾಶರ್ ಹಾಕಿ ಬಿಗಿಯಲಾಯಿತು. ಬಿಗಿದ ಮೇಲೆ ಹೊರಗಿನಿಂದ ವ್ಯಾಸಲೀನ್. ಮೊದಲೇ ಲಗ್ ಕೆಳಗೆ ಗ್ರೀಸ್ ಬಳಿದು ಬಿಗಿಯುವ ಅಭ್ಯಾಸ ಬೇಡ. ಬ್ಯಾಟರಿ–ಚಾಸಿ ವೈರಿನ ತುದಿಯನ್ನೂ ಹಾಗೆಯೇ ಶುಚಿ ಮಾಡಲಾಯಿತು. ಮರುದಿನ ನಸುಕಿನಲ್ಲಿ ಸೆಲ್ಫ್ ಹೊಡೆದಾಗ ಬ್ಯಾಟರಿ 10.2, ಪ್ಲಸ್ ಕಡೆ ನಷ್ಟ 0.35, ಅರ್ತ್ ನಷ್ಟ 0.15, ಸೆಲ್ಫಿಗೆ 9.7. ಬ್ಯಾಟರಿಯ ವೋಲ್ಟೇಜ್ ಇಳಿದಿದೆ, ಸೆಲ್ಫಿನದು ಏರಿದೆ, ಹಾಗೇ ಆಗಬೇಕು. ಎಣಿಕೆ 35, ನಿಮಿಷಕ್ಕೆ 210 ಸುತ್ತು.

ಎರಡನೆಯ ನಸುಕು: ಒಂದೇ ಕಾಲಲ್ಲಿ ನಿಂತ ಎಂಜಿನ್

ಗಾಡಿ ಹಿಡಿಯಿತು. ಆದರೆ ಹದಿನೈದು ಸೆಕೆಂಡು ಬೇಕಾಯಿತು, ಹಿಡಿದ ಮೇಲೂ ಒಂದೇ ಸಿಲಿಂಡರಿನಲ್ಲಿ ಕುಲುಕಾಡುತ್ತಾ ಬಿಳಿ ಹೊಗೆ ಕಾರುತ್ತಾ ಅರ್ಧ ನಿಮಿಷದ ಮೇಲೆ ಎರಡನೆಯದು ಸೇರಿಕೊಂಡಿತು. ಒಂದು ಸಿಲಿಂಡರ್ ಬೆಚ್ಚಗಾದ ಮೇಲಷ್ಟೇ ಕೆಲಸ ಶುರು ಮಾಡುತ್ತದೆ ಎಂದರೆ ಅದರ ಹೀಟರ್ ಪ್ಲಗ್ ಸತ್ತಿರಬೇಕು. ನಾಲ್ಕು ಸಿಲಿಂಡರಿನ ಗಾಡಿಯಲ್ಲಿ ಒಂದು ಪ್ಲಗ್ ಹೋದರೆ ಉಳಿದ ಮೂರು ಹೇಗೋ ಎಳೆದುಕೊಂಡು ಹೋಗುತ್ತವೆ. ಇಲ್ಲಿ ಒಂದು ಹೋದರೆ ಅರ್ಧ ಎಂಜಿನ್ನೇ ಹೋದಂತೆ.

"ಲೈಟ್ ಬರತೈತಲ್ರಿ?" ಎಂದು ಚಾಲಕರು ಕೇಳಿದರು. ಡ್ಯಾಶ್‌ಬೋರ್ಡಿನ ಹೀಟರ್ ಲೈಟ್ ಟೈಮರಿನ ಲೆಕ್ಕದಲ್ಲಿ ಹತ್ತಿ ಆರುತ್ತದೆ. ಪ್ಲಗ್ ಬಿಸಿಯಾಯಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಎರಡೂ ಪ್ಲಗ್‌ಗಳ ತಲೆಯನ್ನು ಸೇರಿಸುವ ಪಟ್ಟಿ ಬಿಚ್ಚಿ ಒಂದೊಂದನ್ನೇ ನೋಡಬೇಕು, ಸೇರಿಸಿಯೇ ಅಳೆದರೆ ಚೆನ್ನಾಗಿರುವುದು ಕೆಟ್ಟದ್ದನ್ನು ಮುಚ್ಚಿಡುತ್ತದೆ. ಒಂದು ಪ್ಲಗ್ 0.8 ಓಮ್, ಇನ್ನೊಂದರಲ್ಲಿ ಮೀಟರ್ ಅಲುಗಲೇ ಇಲ್ಲ. ಮೀಟರ್ ಇಲ್ಲದಿದ್ದರೆ 21 ವ್ಯಾಟಿನ ಬ್ರೇಕ್ ಬಲ್ಬಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಪ್ಲಗ್ ತಲೆಗೆ ತಾಗಿಸಿದರೂ ಸಾಕು, ಬಲ್ಬ್ ಹತ್ತದಿದ್ದರೆ ಪ್ಲಗ್ ತುಂಡಾಗಿದೆ. ಕೀ ತಿರುಗಿಸಿದಾಗ ಪಟ್ಟಿಯಲ್ಲಿ 11.3 ವೋಲ್ಟ್ ಬರುತ್ತಿತ್ತು, ರಿಲೇ ಸರಿಯಿದೆ.

ಹಳೆಯ ಪ್ಲಗ್ ತೆಗೆಯುವಾಗ ಅವಸರ ಸಲ್ಲದು. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಎಂಜಿನ್ ಬಿಸಿಯಿರುವಾಗ, ಮೆಲ್ಲಗೆ ಹಿಂದೆ ಮುಂದೆ ಆಡಿಸುತ್ತಾ ಬಿಚ್ಚಬೇಕು. ತಣ್ಣಗಿನ ಎಂಜಿನ್ನಿನಲ್ಲಿ ಬಲ ಹಾಕಿ ಮುರಿದರೆ ಹೆಡ್ ಇಳಿಸುವ ಕೆಲಸ ತಲೆಗೆ ಬರುತ್ತದೆ. ಎರಡೂ ಪ್ಲಗ್ ಹೊರಗಿದ್ದಾಗ ಅದೇ ತೂತಿಗೆ ಗೇಜ್ ಹಾಕಿ ಕಂಪ್ರೆಷನ್ ನೋಡಿದೆವು: 27 ಮತ್ತು 26 ಬಾರ್. ಈ ವಯಸ್ಸಿಗೆ ಒಳ್ಳೆಯದು, ಎರಡರ ನಡುವೆ ಹೆಚ್ಚು ಅಂತರವೂ ಇಲ್ಲ. ರಿಂಗ್, ವಾಲ್ವ್ ಕೆಲಸದ ಮಾತು ಅಲ್ಲಿಗೆ ಮುಗಿಯಿತು.

ತೂತಿನೊಳಗೆ ಮಸಿ ಕಟ್ಟಿದ್ದರೆ ಹೊಸ ಪ್ಲಗ್ ಪೂರ್ತಿ ಕೂರುವುದಿಲ್ಲ. ಗ್ರೀಸ್ ಸವರಿದ ರೀಮರನ್ನು, ಅಂದರೆ ತೂತು ಕೆರೆಯುವ ಉಪಕರಣವನ್ನು, ಕೈಯಲ್ಲೇ ತಿರುಗಿಸಿ ಕೆರೆದರೆ ಮಸಿ ಗ್ರೀಸಿಗೆ ಅಂಟಿ ಹೊರಬರುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಲಾಯಿತು. ಜೋಡಿಯಲ್ಲಿ ಒಂದು ಹೋದರೆ ಅಷ್ಟೇ ವರ್ಷ ಕಂಡ ಇನ್ನೊಂದು ಹೆಚ್ಚು ದಿನ ಬಾಳುವುದಿಲ್ಲ. 10 ಮಿಲಿಮೀಟರ್ ಥ್ರೆಡ್ಡಿನ ಪ್ಲಗ್‌ಗೆ ಸುಮಾರು 15 ನ್ಯೂಟನ್ ಮೀಟರ್ ಬಿಗಿ ಸಾಕು. ಕೊಳ್ಳುವಾಗ ಮೈಮೇಲೆ ಬರೆದ ವೋಲ್ಟ್ ಹಳೆಯದರಂತೆಯೇ ಇದೆಯೇ ನೋಡಿಕೊಳ್ಳಬೇಕು. ಕಮ್ಮಿ ವೋಲ್ಟಿನದು 12 ವೋಲ್ಟಿಗೆ ಸಿಕ್ಕರೆ ಬೇಗ ತುದಿ ಸುಟ್ಟುಕೊಳ್ಳುತ್ತದೆ.

ಮೂರನೆಯ ನಸುಕು: ಖಾಲಿ ಪೈಪ್

ಈಗ ಬಿಳಿ ಹೊಗೆ ಹೋಯಿತು, ಕುಲುಕಾಟವೂ ಹೋಯಿತು. ಆದರೆ ಮೊದಲ ಏಳು ಸೆಕೆಂಡಿನ ಸೆಲ್ಫ್ ವ್ಯರ್ಥವಾಗುವುದು ಹಾಗೆಯೇ ಉಳಿಯಿತು. ಇಷ್ಟಕ್ಕೇ ಬಿಟ್ಟಿದ್ದರೂ ಚಾಲಕರು ಖುಷಿಯಾಗಿಯೇ ಹೋಗುತ್ತಿದ್ದರು. ಆದರೆ ದಿನವೂ ಏಳು ಸೆಕೆಂಡು ಹೆಚ್ಚು ಸೆಲ್ಫ್ ಹೊಡೆದರೆ ಹೊಸ ಬ್ಯಾಟರಿಯೂ ಬೇಗ ಸೊರಗುತ್ತದೆ, ಅವರ ಓಡಾಟವೂ ಚಿಕ್ಕ ಚಿಕ್ಕ ದೂರದ್ದು, ಮತ್ತೆ ತುಂಬಿಕೊಳ್ಳಲು ಸಮಯವಿಲ್ಲ.

ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದರೆ ಬೇಗ ಹಿಡಿಯುತ್ತದೆ ಎಂಬ ಮಾತಿಗೆ ಬೆಲೆ ಬಂದದ್ದು ಇಲ್ಲಿ. ಮೂತಿ ಏರಿಗಿದ್ದರೆ ಟ್ಯಾಂಕು ಎಂಜಿನ್ನಿಗಿಂತ ಕೆಳಗೆ. ಎಲ್ಲೋ ಗಾಳಿ ಒಳಗೆ ಬರುವ ಸಂದು ಇದ್ದರೆ ರಾತ್ರಿಯಿಡೀ ಪೈಪಿನ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಮರಳುತ್ತದೆ. ಮೂತಿ ಇಳಿಜಾರಿಗಿದ್ದರೆ ಮರಳುವುದಿಲ್ಲ. ಫಿಲ್ಟರಿಗೂ ಪಂಪಿಗೂ ನಡುವೆ 30 ಸೆಂಟಿಮೀಟರ್ ಪಾರದರ್ಶಕ ಪೈಪ್ ಸೇರಿಸಿ, ಡೀಸೆಲ್ ದಾರಿಯಲ್ಲಿರುವ ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆದು, ಬೇಕೆಂದೇ ಮೂತಿ ಏರಿಗೆ ಮಾಡಿ ರಾತ್ರಿ ಬಿಟ್ಟೆವು. ಬೆಳಿಗ್ಗೆ ಪೈಪಿನ ಮುಕ್ಕಾಲು ಭಾಗ ಖಾಲಿ.

ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ ಸಂದು ಇದ್ದರೂ ಹೊರಗೆ ಡೀಸೆಲ್ ಹನಿಯಬೇಕೆಂದಿಲ್ಲ. ಅಲ್ಲಿ ಪಂಪ್ ಎಳೆಯುತ್ತಿರುತ್ತದೆ, ಹಾಗಾಗಿ ಗಾಳಿಯೇ ಒಳಗೆ ನುಗ್ಗುತ್ತದೆ. ಟ್ಯಾಂಕ್ ಕಡೆಯ ಪೈಪ್ ಕಳಚಿ, ಅದರ ಬಾಯಿಗೆ ಕೈಪಂಪಿನಿಂದ ಬಹಳ ಮೆಲ್ಲನೆ ಗಾಳಿ ಕೊಟ್ಟು, ಸೇರುವೆಗಳಿಗೆಲ್ಲ ಸೋಪಿನ ನೀರು ಸವರಿದಾಗ ಫಿಲ್ಟರ್ ಕೆಳಗಿನ ನೀರು ಬಿಡುವ ತಿರುಪಿನ ಸುತ್ತ ಸಣ್ಣ ಗುಳ್ಳೆಗಳು ಎದ್ದವು. ಅದರ ಓ-ರಿಂಗ್, ಸಂದು ಮುಚ್ಚುವ ರಬ್ಬರ್ ಬಳೆ, ಚಪ್ಪಟೆಯಾಗಿ ಗಟ್ಟಿಯಾಗಿತ್ತು, ಉಗುರಲ್ಲಿ ಎತ್ತುವಾಗ ಬಳೆಚೂರಿನಂತೆ ಪಟ್ಟನೆ ಮುರಿಯಿತು. ಹಳೆಯ ರಬ್ಬರ್ ಚಳಿಯಲ್ಲಿ ಕುಗ್ಗುತ್ತದೆ, ಎಂಜಿನ್ ಬಿಸಿಗೆ ಮತ್ತೆ ಹಿಗ್ಗಿ ಸಂದು ಮುಚ್ಚುತ್ತದೆ. ಹಗಲಿನಲ್ಲಿ ಯಾರಿಗೂ ಕಾಣದೆ ಇದ್ದದ್ದು ಇದೇ ಕಾರಣಕ್ಕೆ. ಡೀಸೆಲ್ ತಡೆಯುವ ಹೊಸ ಓ-ರಿಂಗ್ ಹಾಕಿ, ಪಕ್ಕದ ಪೈಪಿನ ಗಟ್ಟಿಯಾದ ತುದಿಯನ್ನು ಎರಡು ಸೆಂಟಿಮೀಟರ್ ಕತ್ತರಿಸಿ ಹೊಸ ಕ್ಲಿಪ್ ಬಿಗಿಯಲಾಯಿತು. ಪಾರದರ್ಶಕ ಪೈಪನ್ನು ಇನ್ನೊಂದು ರಾತ್ರಿ ಬಿಟ್ಟು, ತುಂಬಿಯೇ ಇರುವುದನ್ನು ಕಂಡ ಮೇಲೆ ತೆಗೆದೆವು. ಆ ಪ್ಲಾಸ್ಟಿಕ್ ಡೀಸೆಲ್‌ಗೆ ಸಿಕ್ಕಿ ಗಟ್ಟಿಯಾಗಿ ಸೀಳುತ್ತದೆ, ಅಲ್ಲೇ ಬಿಟ್ಟುಬಿಡುವಂಥದ್ದಲ್ಲ.

ಚಾಲಕರಿಗೆ ಹೇಳಿದ್ದು

ಕ್ಲಚ್ ಒತ್ತಿಯೇ ಸೆಲ್ಫ್ ಹೊಡೆಯಿರಿ, ಗೇರ್‌ಬಾಕ್ಸಿನ ಮಂದ ಎಣ್ಣೆಯನ್ನೂ ಸೆಲ್ಫ್ ತಿರುಗಿಸಬೇಕಿಲ್ಲ. ಹೆಡ್‌ಲೈಟ್ ಆಮೇಲೆ. ಹತ್ತು ಸೆಕೆಂಡಿನಲ್ಲಿ ಹಿಡಿಯದಿದ್ದರೆ ಬಿಟ್ಟು ಒಂದು ನಿಮಿಷ ಕಾಯಿರಿ. ಹಿಡಿದ ಕೂಡಲೇ ರೇಸ್ ಕೊಡಬೇಡಿ, ಆಯಿಲ್ ಮೇಲೇರಲು ಅರ್ಧ ನಿಮಿಷ ಬಿಡಿ.

ಇನ್ನೊಂದನ್ನು ಒತ್ತಿ ಹೇಳಬೇಕಾಯಿತು. ಅವರ ಸೀಟಿನ ಕೆಳಗೆ ಸ್ಟಾರ್ಟಿಂಗ್ ಸ್ಪ್ರೇ ಡಬ್ಬಿ ಇತ್ತು, ಈಥರ್ ತುಂಬಿದ್ದು. ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಅದನ್ನು ಊದಬಾರದು. ಕಾದ ಪ್ಲಗ್ ಸೋಕಿ ಪಿಸ್ಟನ್ ಮೇಲೇರುವ ಮೊದಲೇ ಅದು ಸಿಡಿಯುತ್ತದೆ, ರಿಂಗ್ ಮುರಿಯುತ್ತದೆ, ಪ್ಲಗ್ಗಿನ ತುದಿ ಒಳಗೆ ಬೀಳುತ್ತದೆ. ಒಂದು ಪ್ಲಗ್ ಸತ್ತಿತ್ತು ಸರಿ, ಇನ್ನೊಂದು ಜೀವಂತವಿತ್ತು. ಇಷ್ಟು ದಿನ ಊದಿಯೂ 27 ಬಾರ್ ಉಳಿದದ್ದು ಅವರ ಅದೃಷ್ಟ. ಧಕ್ಕಾ ಕೊಟ್ಟು ಹಿಡಿಸುವುದರಿಂದ ಇಂಥ ಹಾನಿ ಇಲ್ಲ, ಆದರೆ ಉರುಳುವ ಚಕ್ರ ಎಂಜಿನ್ನನ್ನು ಜೋರಾಗಿ ತಿರುಗಿಸಿಬಿಡುವುದರಿಂದ ಅರ್ತಿನ ದೋಷ ಮುಚ್ಚಿಹೋಗುತ್ತದೆ. ಒಂದು ತಿಂಗಳು ಹಾಗೆಯೇ ಮುಚ್ಚಿಹೋಗಿತ್ತು.

ಮುಂದಿನ ಮೂರು ನಸುಕುಗಳಲ್ಲಿ 8.5, 9, 10 ಡಿಗ್ರಿ. ಗಾಡಿ ಮೂರೂ ದಿನ ಮೂತಿ ಏರಿಗೆ ಮಾಡಿಯೇ ನಿಂತಿತ್ತು. ಹೀಟರ್ ಲೈಟ್ ಆರಿದ ಮೇಲೆ ಎರಡು ಸೆಕೆಂಡಿನ ಸೆಲ್ಫ್. ಎಕ್ಸಿಲರೇಟರ್ ಕೇಬಲ್ ಮುಟ್ಟಿ ನೋಡಿದರೆ ಬ್ರಾಕೆಟ್ ಹತ್ತಿರವೂ ತಣ್ಣಗೇ ಇತ್ತು.